ಪೇಟೆಂಟ್ ಏಜೆಂಟ್ ಯಾರು? ಅವರ ಕೆಲಸವೇನು?

ಹೊಸೂರು: ಸಿಪ್ಕಾಟ್ ಸುತ್ತಲಿನ ಸಣ್ಣ ವರ್ಕ್‌ಶಾಪಿನಲ್ಲಿ ಹೊಸ ಯಂತ್ರವೊಂದು ತಯಾರಾದರೆ ಮೊದಲು ನಾಲ್ಕು ಜನಕ್ಕೆ ತೋರಿಸುವ ಆಸೆ ಸಹಜ. ಪೇಟೆಂಟ್ ಬೇಕೆನ್ನುವವರು ಹಾಗೆ ಮಾಡಬಾರದು. ಅರ್ಜಿಗೆ ಮೊದಲೇ ಬಹಿರಂಗವಾದರೆ ಅದು ಹೊಸದಲ್ಲವೆಂದು ಹಕ್ಕು ಕೈತಪ್ಪಬಹುದು.

ಅರ್ಜಿಯನ್ನು ಯಂತ್ರ ಕಂಡುಹಿಡಿದವರೇ ಹಾಕಬಹುದು. ಆದರೆ ಹಕ್ಕು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಹೊಲದ ಹದ್ದುಬಸ್ತಿನಂತೆ ನಿಖರವಾಗಿ ಬರೆಯಬೇಕು. ಬರೆದದ್ದು ಸಡಿಲವಾದರೆ ಬೇರೆಯವರು ಚೂರು ಬದಲಿಸಿ ಅದೇ ಯಂತ್ರ ಮಾರುತ್ತಾರೆ. ಇದನ್ನು ಬರೆಯುವುದು, ಕಚೇರಿಯ ಆಕ್ಷೇಪಣೆಗಳಿಗೆ ಉತ್ತರಿಸುವುದು ಪೇಟೆಂಟ್ ಏಜೆಂಟರ ಕೆಲಸ. ‘ಪೇಟೆಂಟ್ ಅಟಾರ್ನಿ’ ರೂಢಿಯ ಹೆಸರು. 1970ರ ಕಾಯ್ದೆಯಲ್ಲಿರುವುದು ‘ಪೇಟೆಂಟ್ ಏಜೆಂಟ್’.

ಏಜೆಂಟರಾಗುವವರು ಭಾರತದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು. ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಬೇಕು. ಜೊತೆಗೆ ಸಾಮಾನ್ಯವಾಗಿ ಪೇಟೆಂಟ್ ಕಚೇರಿಯ ಪರೀಕ್ಷೆ ಪಾಸಾಗಬೇಕು: ಎರಡು ಪತ್ರಿಕೆ, ಒಂದು ಮೌಖಿಕ, ಒಟ್ಟು ಶೇ. 60 ಅಂಕ. ಕಾನೂನು ಪದವಿ ಕಡ್ಡಾಯವಲ್ಲ. ನಮ್ಮ ಹಳ್ಳಿಗಳ ಬಿ.ಎಸ್ಸಿ., ಬಿ.ಇ. ಓದಿದ ಮಕ್ಕಳಿಗೂ ಇದು ತೆರೆದ ದಾರಿ.

ತಮಿಳುನಾಡು, ಕರ್ನಾಟಕ ಎರಡಕ್ಕೂ ಚೆನ್ನೈ ಗಿಂಡಿಯಲ್ಲಿರುವ ಕಚೇರಿಯೇ. ವ್ಯಕ್ತಿಗಳಿಗೆ ಆನ್‌ಲೈನ್ ಅರ್ಜಿ ಶುಲ್ಕ 1,600 ರೂಪಾಯಿ. ಪರಿಶೀಲನಾ ಶುಲ್ಕ, ಏಜೆಂಟರ ಫೀಸು ಬೇರೆ. ಹಣ ಕೊಡುವ ಮುನ್ನ ಏಜೆಂಟರ ನೋಂದಣಿ ಸಂಖ್ಯೆ ಕೇಳಲು ಮರೆಯದಿರಿ.