ತೊಡೆಸಂದಿನ ನೋವು: ಗಂಡುಮಕ್ಕಳಿಗೆ ಹೇಳಬೇಕಾದ ಪಾಠ

ಒಂಬತ್ತನೇ ತರಗತಿಗೆ ‘ಅಂಗಾಂಶಗಳು’ ಪಾಠ ಬೋಧಿಸುವಾಗ ನಾನು ಒಳತೊಡೆಯ ಸ್ನಾಯುಗಳನ್ನು ಉದಾಹರಣೆಯಾಗಿ ತೆಗೆದುಕೊಂಡೆ. ಕೊನೆಗೌಡರು ಅಡಿಕೆ ಮರ ಏರುವುದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಕ್ಕಳು ನೋಡಿಯೇ ಇರುತ್ತಾರೆ. ಮರವನ್ನು ಕಾಲುಗಳ ನಡುವೆ ಒತ್ತಿ ಹಿಡಿಯುವುದು ಇದೇ ಸ್ನಾಯುಗಳ ಬಲದಿಂದ. ಇವುಗಳ ಮೇಲ್ತುದಿ ಸ್ನಾಯುರಜ್ಜುವಿನ ಮೂಲಕ ಸೊಂಟದ ಮೂಳೆಯ ಮುಂಭಾಗಕ್ಕೆ ಅಂಟಿದೆ. ಕಬಡ್ಡಿಯಲ್ಲಿ ಥಟ್ಟನೆ ಪಕ್ಕಕ್ಕೆ ತಿರುಗಿದಾಗ, ಕಾಲು ಅಗಲಿಸಿ ಚಾಚಿದಾಗ ಅಲ್ಲಿ ಎಳೆತವಾಗಿ ತೊಡೆಸಂದು ನೋಯುತ್ತದೆ.

ಹೀಗಾದರೆ ಮೊದಲು ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಬೇಕು. ನೋವು ತಗ್ಗಿದ ಮೇಲೆ ಮಲಗಿ, ಮಂಡಿಗಳ ನಡುವೆ ಚೆಂಡಿಟ್ಟು ಮೆಲ್ಲಗೆ ಒತ್ತುವ ವ್ಯಾಯಾಮ ಮಾಡಬೇಕು. ಹಂತಹಂತವಾಗಿ ಕೆಲಸ ಕೊಟ್ಟರೇ ಸ್ನಾಯು ಗಟ್ಟಿಯಾಗುತ್ತದೆ.

ಆದರೆ ತೊಡೆಸಂದಿನ ನೋವೆಲ್ಲ ಸ್ನಾಯುವಿನದಲ್ಲ. ಕೆಮ್ಮಿದಾಗ ಅಥವಾ ಭಾರ ಎತ್ತಿದಾಗ ಉಬ್ಬು ಕಂಡರೆ ಹರ್ನಿಯಾ ಇರಬಹುದು. ವೃಷಣದಲ್ಲಿ ಹಠಾತ್ ತೀವ್ರ ನೋವು, ಬಾವು, ವಾಂತಿ ಕಾಣಿಸಿದರೆ ರಕ್ತನಾಳಗಳಿರುವ ಅದರ ಹುರಿ ತಿರುಚಿಕೊಂಡಿರಬಹುದು. ಹದಿಹರೆಯದಲ್ಲಿ ಇದು ಹೆಚ್ಚು. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ವೃಷಣ ಉಳಿಯುವ ಸಾಧ್ಯತೆ ಹೆಚ್ಚು. ಕಾಡಿನ ನಡುವಿನ ಹಳ್ಳಿಯಿಂದ ಆಸ್ಪತ್ರೆ ತಲುಪಲೇ ಹೊತ್ತು ಬೇಕು. ಹುಡುಗ ನಾಚಿಕೆಯಿಂದ ಬೆಳಗಿನವರೆಗೆ ಸುಮ್ಮನಿದ್ದರೆ ಆ ಅವಧಿ ಮುಗಿದೇಹೋಗುತ್ತದೆ.

ಆದ್ದರಿಂದ ‘ತೊಡೆಸಂದು’, ‘ವೃಷಣ’ ಎಂಬ ಪದಗಳನ್ನು ಮೊಣಕೈ, ಮೊಣಕಾಲು ಎಂದಷ್ಟೇ ಸಹಜವಾಗಿ ನಾವು ತರಗತಿಯಲ್ಲಿ ಬಳಸಬೇಕು. ಇಂಥ ನೋವು ಬಂದರೆ ರಾತ್ರಿಯಾದರೂ ಮನೆಯವರನ್ನು ಎಬ್ಬಿಸಿ ಎಂದು ಸ್ಪಷ್ಟವಾಗಿ ಹೇಳಬೇಕು.