ಮರದ ತುದಿಯಲ್ಲೊಂದು ಸೇತುವೆ

ಮಕ್ಕಳೇ, ನೀವು ಮರ ಹತ್ತಿದ್ದೀರಿ, ಮರದ ನೆರಳಿನಲ್ಲಿ ಆಡಿದ್ದೀರಿ. ಆದರೆ ನೆಲಕ್ಕೆ ಕಾಲಿಡದೆ ಒಂದು ಮರದಿಂದ ಇನ್ನೊಂದು ಮರಕ್ಕೆ ನಡೆದುಹೋಗಿದ್ದೀರಾ?

ಭೂಪಟದಲ್ಲಿ ಆಫ್ರಿಕಾ ಖಂಡದ ಪಶ್ಚಿಮ ಭಾಗ ನೋಡಿ. ಅಲ್ಲಿ ಸಮುದ್ರದ ಅಂಚಿನಲ್ಲಿ ಘಾನಾ ದೇಶವಿದೆ. ಅಲ್ಲಿನ ಕೇಪ್ ಕೋಸ್ಟ್ ಪಟ್ಟಣದಿಂದ ಸುಮಾರು 30 ಕಿ.ಮೀ. ಉತ್ತರಕ್ಕೆ ಕಾಕುಮ್ ರಾಷ್ಟ್ರೀಯ ಉದ್ಯಾನವಿದೆ. ಇದೊಂದು ಮಳೆಕಾಡು.

ಮಳೆಕಾಡಿನಲ್ಲಿ ಎತ್ತರದ ಮರಗಳ ಎಲೆಗಳು ಒತ್ತಾಗಿ ಸೇರಿ ಚಾವಣಿಯಂತೆ ಹರಡಿರುತ್ತವೆ. ಬಿಸಿಲಿನ ಹೆಚ್ಚಿನ ಪಾಲು ಅಲ್ಲೇ ಉಳಿಯುತ್ತದೆ. ಹಾಗಾಗಿ ಹೂವು, ಹಣ್ಣು, ಕೋತಿ, ಹಕ್ಕಿ, ಚಿಟ್ಟೆಗಳೆಲ್ಲ ಹೆಚ್ಚಾಗಿ ಮೇಲೆಯೇ ಇರುತ್ತವೆ. ಅದನ್ನು ನೋಡಲೆಂದು 1995ರಲ್ಲಿ ಕಾಕುಮ್‌ನಲ್ಲಿ ತೂಗುಸೇತುವೆ ತೆರೆದರು. ಉಕ್ಕಿನ ಹಗ್ಗಗಳನ್ನು ದೊಡ್ಡ ಮರಗಳಿಗೆ ಸುತ್ತಿ, 7 ಸೇತುವೆಗಳನ್ನು ಜೋಡಿಸಿದ್ದಾರೆ. ಒಟ್ಟು ಉದ್ದ ಸುಮಾರು 350 ಮೀಟರ್. ಕೆಲವೆಡೆ ಎತ್ತರ ಸುಮಾರು 40 ಮೀಟರ್, ಅಂದರೆ ಹನ್ನೆರಡು ಅಂತಸ್ತಿನ ಕಟ್ಟಡದಷ್ಟು!

ಕಾಡು ಉಳಿಸಲು ಪ್ರವಾಸಿಗರು ಏಕೆ?

ಹಿಂದೆ ಇಲ್ಲಿ ಮಹಾಗನಿಯಂತಹ ಬೆಲೆಬಾಳುವ ಮರಗಳನ್ನು ಕಡಿದು ಸಾಗಿಸುತ್ತಿದ್ದರು. 1992ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಮರ ಕಡಿಯುವಂತಿಲ್ಲ, ಬೇಟೆಯಾಡುವಂತಿಲ್ಲ ಎಂದಾದಾಗ ಸುತ್ತಲಿನ ಹಳ್ಳಿಗಳ ಜನರ ಆದಾಯಕ್ಕೆ ಬೇರೆ ದಾರಿ ಬೇಕಲ್ಲವೇ? ಕಾಡಿಗೆ ಹಾನಿ ಮಾಡದೆ ಬಂದು ನೋಡುವವರಿಂದ ಹಣ ಗಳಿಸಿ, ಅದರಿಂದ ಕಾಡನ್ನೂ ಜನರನ್ನೂ ಸಲಹುವುದೇ ಪರಿಸರ ಪ್ರವಾಸೋದ್ಯಮ.

ಆದರೆ ಎಲ್ಲವೂ ಇಷ್ಟು ಸುಲಭವಲ್ಲ. ಪ್ರವಾಸಿಗರ ಗದ್ದಲಕ್ಕೆ ಪ್ರಾಣಿಗಳು ದೂರ ಸರಿಯುತ್ತವೆ. ಇಲ್ಲಿನ ಆನೆಗಳು ದೊಡ್ಡ ಹಣ್ಣುಗಳನ್ನು ನುಂಗಿ, ದೂರದಲ್ಲಿ ಲದ್ದಿಯೊಡನೆ ಬೀಜ ಬಿತ್ತುತ್ತವೆ. ಆನೆ ಇಲ್ಲವಾದರೆ ಕೆಲವು ಮರಗಳ ಬೀಜ ದೂರ ಹೋಗುವುದೇ ಕಷ್ಟ. ಅದೇ ಆನೆ ರಾತ್ರಿ ಹೊಲಕ್ಕೆ ನುಗ್ಗಿದರೆ ರೈತನ ಮೆಕ್ಕೆಜೋಳ, ಮರಗೆಣಸು ಬೆಳಗಾಗುವಷ್ಟರಲ್ಲಿ ಮಾಯ! ಇದಕ್ಕೆ ರೈತರು ಒಂದು ಉಪಾಯ ಮಾಡಿದರು. ಗ್ರೀಸಿನಲ್ಲಿ ಮೆಣಸಿನಪುಡಿ ಕಲಸಿ ಬೇಲಿಯ ಹಗ್ಗಕ್ಕೆ ಬಳಿದರು. ಆನೆಯ ಮೂಗು ಬಹಳ ಸೂಕ್ಷ್ಮ. ಖಾರದ ಘಾಟು ಅದಕ್ಕೆ ಆಗದು.

ಪ್ರವಾಸಿಗರ ಟಿಕೆಟ್ಟಿನ ಹಣದಲ್ಲಿ ಒಂದು ಪಾಲು ಈ ರೈತನ ಮನೆಗೂ ತಲುಪಬೇಕು. ಇಲ್ಲದಿದ್ದರೆ ಅವನ ಪಾಲಿಗೆ ಆನೆ ಶತ್ರುವಾಗಿಯೇ ಉಳಿಯುತ್ತದೆ. ಕಾಡಿನ ಪಕ್ಕದಲ್ಲಿರುವವರ ಒಪ್ಪಿಗೆ ಇಲ್ಲದೆ ಕಾಡು ಬಹುಕಾಲ ಉಳಿಯದು.

ಮಾಡಿ ನೋಡಿ: ಶಾಲೆಯ ಅಂಗಳದ ಗಿಡದ ಎಲೆಗಳಿರುವ ರೆಂಬೆಯೊಂದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ಕಟ್ಟಿ. ಬಿಸಿಲಿನಲ್ಲಿ ಎರಡು ಗಂಟೆ ಬಿಟ್ಟು ನೋಡಿ. ಒಳಗೆ ನೀರಿನ ಹನಿಗಳು ಕಾಣುತ್ತವೆ. ಒಂದು ರೆಂಬೆ ಇಷ್ಟು ನೀರನ್ನು ಗಾಳಿಗೆ ಬಿಟ್ಟರೆ, ಇಡೀ ಕಾಡು ಎಷ್ಟು ಬಿಡಬಹುದು? ಆ ನೀರು ಮುಂದೆ ಏನಾಗುತ್ತದೆ? ತರಗತಿಯಲ್ಲಿ ಚರ್ಚಿಸಿ.