ನಾಯಿ ಬೆಕ್ಕುಗಳಿಗೂ ಸಕ್ಕರೆ ಕಾಯಿಲೆ

ಮನೆಯ ನಾಯಿ ಬೋಗುಣಿಗಟ್ಟಲೆ ನೀರು ಕುಡಿಯುತ್ತದೆ. ಪದೇ ಪದೇ ಮೂತ್ರ ಮಾಡುತ್ತದೆ. ಹಾಕಿದ ಮುದ್ದೆಯನ್ನೆಲ್ಲ ತಿಂದರೂ ದಿನೇ ದಿನೇ ಬಡವಾಗುತ್ತದೆ. ಕೆಲಮಂಗಲದಂಥ ನಮ್ಮ ಊರುಗಳಲ್ಲಿ ಇದನ್ನು ಕಂಡವರು 'ಅದಕ್ಕೆ ವಯಸ್ಸಾಯಿತು' ಎಂದು ಸುಮ್ಮನಾಗುತ್ತಾರೆ. ಪಡಸಾಲೆ ಗಲೀಜು ಮಾಡಿತೆಂದು ಹೊಡೆಯುವವರೂ ಉಂಟು. ಪಾಪ, ತಪ್ಪು ಅದರದಲ್ಲ. ಮೂತ್ರಕ್ಕೆ ಇರುವೆ ಮುತ್ತಿದರಂತೂ ಸಕ್ಕರೆ ಕಾಯಿಲೆಯ ಅನುಮಾನ ಬರಲೇಬೇಕು. ರಕ್ತ, ಮೂತ್ರಗಳ ಪರೀಕ್ಷೆಯಿಂದ ಪಶುವೈದ್ಯರು ಅದನ್ನು ಖಚಿತಪಡಿಸುತ್ತಾರೆ. ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ನಮಗೆ ಬಹಳ ದೂರವಲ್ಲ.

ಜಠರದ ಬಳಿಯಿರುವ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ರಕ್ತದಲ್ಲಿನ ಸಕ್ಕರೆ ಜೀವಕೋಶಗಳೊಳಗೆ ಸೇರಲು ಇದು ಬೇಕು. ಇದಿಲ್ಲದಿದ್ದರೆ ಸಕ್ಕರೆಯು ನೀರನ್ನೂ ಎಳೆದುಕೊಂಡು ಮೂತ್ರದಲ್ಲಿ ಹೊರಟುಹೋಗುತ್ತದೆ. ಅದಕ್ಕೇ ಆ ದಾಹ.

ಮನುಷ್ಯನು ಇದನ್ನು ಅರಿತದ್ದೂ ನಾಯಿಗಳಿಂದಲೇ. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್‌ಸ್ಕಿ ಮತ್ತು ಮೆರಿಂಗ್ ಎಂಬ ವಿಜ್ಞಾನಿಗಳು ನಾಯಿಯ ಈ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂದಿತು. 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಗ್ರಂಥಿಯ ರಸವನ್ನು ಅಂಥ ನಾಯಿಗಳಿಗೆ ಚುಚ್ಚಿ ಅವುಗಳ ರಕ್ತದ ಸಕ್ಕರೆಯನ್ನು ಇಳಿಸಿದರು. ಮರುವರ್ಷ ಜನವರಿಯಲ್ಲಿ ಅದೇ ಮದ್ದನ್ನು 14 ವರ್ಷದ ಬಾಲಕ ಲೆನರ್ಡ್ ಥಾಂಪ್ಸನ್‌ನಿಗೆ ಕೊಡಲಾಯಿತು. ಸಾವಿನಂಚಿನಲ್ಲಿದ್ದ ಹುಡುಗ ಚೇತರಿಸಿಕೊಂಡನು. ನಾಯಿಗಳ ಈ ಋಣ ಸಣ್ಣದಲ್ಲವೆಂದೇ ನನ್ನ ಎಣಿಕೆ.

ನಾಯಿಗೆ ಸಾಮಾನ್ಯವಾಗಿ ಜೀವನಪೂರ್ತಿ ಇನ್ಸುಲಿನ್ ಬೇಕಾಗುತ್ತದೆ. ಬೆಕ್ಕುಗಳಲ್ಲಿ, ಅದರಲ್ಲೂ ಕೊಬ್ಬಿದವುಗಳಲ್ಲಿ, ಬೇಗನೆ ಚಿಕಿತ್ಸೆ ಮಾಡಿ ಮೈ ಇಳಿಸಿದರೆ ಕೆಲವೊಮ್ಮೆ ಚುಚ್ಚುಮದ್ದು ಬಿಟ್ಟುಹೋಗುವುದೂ ಉಂಟು. ದಿನಕ್ಕೆರಡು ಬಾರಿ, ಸುಮಾರು 12 ಗಂಟೆಗಳ ಅಂತರದಲ್ಲಿ, ಊಟವಾದ ಮೇಲೆ ಚರ್ಮದಡಿ ಚುಚ್ಚಬೇಕು. ಸೂಜಿ ಬಲು ಸಣ್ಣದು, ಮನೆಯವರೇ ಕಲಿಯಬಹುದು. ಆದರೆ ಒಂದು ಎಚ್ಚರಿಕೆ: ಇನ್ಸುಲಿನ್ ಸೀಸೆಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನದೂ 100 ಯೂನಿಟ್ಟಿನದೂ ಇವೆ. ಸೀಸೆಗೆ ತಕ್ಕ ಸಿರಿಂಜನ್ನೇ ಬಳಸಬೇಕು. ಅದಲುಬದಲಾದರೆ ಪ್ರಾಣಕ್ಕೇ ಅಪಾಯ. ಪ್ರಮಾಣವನ್ನು ವೈದ್ಯರೇ ಹೇಳಬೇಕು. ಊಟ ಬಿಟ್ಟ ದಿನ ಅವರನ್ನು ಕೇಳದೆ ಚುಚ್ಚಕೂಡದು. ಚಹಾದ ಜೊತೆಗಿನ ಬನ್ನು, ಬಿಸ್ಕತ್ತುಗಳ ಪ್ರೀತಿಯನ್ನು ಮಕ್ಕಳು ನಿಲ್ಲಿಸಬೇಕು.

ಸಕ್ಕರೆ ತೀರಾ ಇಳಿದರೆ ನಾಯಿ ತೂರಾಡುತ್ತದೆ, ಫಿಟ್ಸ್ ಬರುತ್ತದೆ. ಆಗ ಜೇನುತುಪ್ಪ ಅಥವಾ ಸಕ್ಕರೆ ಪಾಕವನ್ನು ಕಚ್ಚಿಸಿಕೊಳ್ಳದಂತೆ ವಸಡಿಗೆ ಸವರಿ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು. ಗಂಟಲಿಗೆ ಸುರಿಯಬಾರದು.

ಈ ರೋಗದ ನಾಯಿಗಳಿಗೆ ಕಣ್ಣಿನ ಪೊರೆ ಬರುವುದು ಹೆಚ್ಚು. ದೃಷ್ಟಿ ಹೋದರೂ ಅದರ ತಟ್ಟೆ, ನೀರಿನ ಬೋಗುಣಿಗಳನ್ನು ಜಾಗ ಬದಲಿಸದೆ ಇಟ್ಟರಾಯಿತು. ಮೂಸಿಕೊಂಡು ತಾನೇ ಬರುತ್ತದೆ.